ಜುರಾಂಗ್ ಈಸ್ಟ್‌ನಲ್ಲಿ ಎತ್ತಿದ ಕೈಗಳು

೨೦೧೮ರ ಜನವರಿಯ ಒಂದು ಬೆಳಿಗ್ಗೆ ಸಿಂಗಪುರದ ಬುಕಿತ್ ಪಂಜಾಂಗ್‌ನ ನಮ್ಮ ಬ್ಲಾಕಿನಿಂದ ಎಲ್‌ಆರ್‌ಟಿ ಎಂಬ ಪುಟ್ಟ ರೈಲು ಹಿಡಿದು ಹೊರಟೆ. ಹೋಗಬೇಕಿದ್ದದ್ದು ಪೂರ್ವದ ಕಾಕಿ ಬುಕಿತ್‌ಗೆ. ಹೊಸ ಮೆಟ್ರೊ ಮಾರ್ಗ ಪೂರ್ತಿಯಾದ ಮೇಲೆ ಅಲ್ಲಿಗೆ ಒಂದೇ ರೈಲು. ಒಂದು ತಾಸು, ಎರಡು ಡಾಲರಿನ ಆಸುಪಾಸು. ದೇಶವನ್ನೇ ದಾಟಿ ಬಂದೆ ಎಂದು ಕೊಚ್ಚಿಕೊಳ್ಳಬಹುದು. ಹಾಗೆ ನೋಡಿದರೆ ವಿಜಯಪುರದಿಂದ ಬಾಗಲಕೋಟೆಯಷ್ಟು ದೂರವೂ ಆಗುವುದಿಲ್ಲ.

ನನ್ನ ಕೆಲಸ ದುಭಾಷಿಯದು. ಎಂಬತ್ತರ ದಶಕದಲ್ಲಿ ಸೋವಿಯತ್ ದೇಶಕ್ಕೆ ಹೋಗಿ ಎಂಜಿನಿಯರಿಂಗ್ ಓದಿದವಳು ನಾನು. ಆ ದೇಶವೇ ಹೋಯಿತು, ನನ್ನ ರಷ್ಯನ್ ಭಾಷೆ ಮಾತ್ರ ಉಳಿಯಿತು. ಅದನ್ನು ಕೇಳುವವರು ಸಿಂಗಪುರದಲ್ಲಿ ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. ಈ ಸಲ ಸಿಕ್ಕವಳು ಮಂಗೋಲಿಯಾದ ಬೋಲೊರ್.

ಕಾಕಿ ಬುಕಿತ್ ನಿಲ್ದಾಣದ ಹೊರಗೆ ನಿಂತಿದ್ದಳು. ಐವತ್ತೇಳರ ಗಟ್ಟಿ ಹೆಂಗಸು, ಕೆಂಪು ಕೆನ್ನೆ, ಕೈಯಲ್ಲಿ ಬೀಸಣಿಗೆಯಾದ ಮೆಟ್ರೊ ನಕ್ಷೆ. "ನಮ್ಮಲ್ಲಿ ಮೈನಸ್ ಇಪ್ಪತ್ತೈದು. ಇಲ್ಲಿ ಗಾಳಿಯನ್ನೇ ಬೇಯಿಸಿ ಬಡಿಸ್ತೀರಲ್ಲ!" ಎಂದಳು. ಆಕೆ ರಾಜಧಾನಿಯಲ್ಲಿ ಉಣ್ಣೆಯ ಬೂಟು ಮಾಡುವ ಕಾರ್ಖಾನೆಯ ಮುಖ್ಯಸ್ಥೆ. ಕಮ್ಯುನಿಸ್ಟ್ ಆಡಳಿತ ಹೋದಾಗ ಸರ್ಕಾರಿ ಕಾರ್ಖಾನೆಗಳ ಷೇರುಗಳನ್ನು ಜನರಿಗೆ ಹಂಚಿದರು. ಮುಂದಿನ ಹಸಿವಿನ ವರ್ಷಗಳಲ್ಲಿ ಎಷ್ಟೋ ಜನ ತಮ್ಮ ಪಾಲನ್ನು ಹಿಟ್ಟಿನ ಚೀಲಕ್ಕೆ ಬಿಟ್ಟುಕೊಟ್ಟರು. ಇವಳ ಕಾರ್ಖಾನೆಯ ಹೆಂಗಸರು ಬಿಡಲಿಲ್ಲ. ಇವತ್ತಿಗೂ ಬೂಟು ಹೊಲಿಯುವವರೇ ಮಾಲೀಕರು. ಆದರೆ ಬಾಯ್ಲರ್ ಹಳತಾಗಿತ್ತು, ಹೊಸದಕ್ಕೆ ಬಂಡವಾಳ ಬೇಕಿತ್ತು. ಇಲ್ಲಿನ ಒಂದು ಕಂಪನಿ ಪಾಲುದಾರಿಕೆಗೆ ಕರೆದಿತ್ತು. ಷೇರುದಾರರ ಪರವಾಗಿ ಸಹಿ ಹಾಕುವ ಅಧಿಕಾರ ಹೊತ್ತು ಬಂದಿದ್ದಳು.

ಕಂಪನಿಯ ಕಡೆಯಿಂದ ಬಂದವನು ನವೀನ, ಮೈಸೂರಿನವನು. ನನ್ನ ಊರು ವಿಜಯಪುರ ಎಂದು ಕೇಳಿ ಅವನಿಗೆ ಜೀವ ಬಂತು. "ಮ್ಯಾಮ್, ಕನ್ನಡದವರಾ! ಇನ್ನು ಟೆನ್ಷನ್ ಇಲ್ಲ ಬಿಡಿ, ಇವತ್ತು ಡೀಲ್ ಕ್ಲೋಸ್ ಆಗುತ್ತೆ," ಎಂದ. ಗೋದಾಮಿನಲ್ಲಿ ಉಣ್ಣೆ ಒತ್ತುವ ಹೊಸ ಯಂತ್ರ ತೋರಿಸಿದ. ಬೋಲೊರ್ ಅದರ ಮೈಯನ್ನು ಎಮ್ಮೆಯ ಬೆನ್ನು ಸವರಿದಂತೆ ಸವರಿದಳು. ಅವಳ ಮುಖದ ಆಸೆ ನೋಡಿ ನನಗೂ ಖುಷಿಯಾಯಿತು.

ಜುರಾಂಗ್ ಈಸ್ಟ್‌ನ ಆಫೀಸಿಗೆ ವ್ಯಾನ್ ತಯಾರಿತ್ತು. ಬೋಲೊರ್ ಒಪ್ಪಲಿಲ್ಲ, ಜನ ಹೋಗುವ ರೈಲೇ ಬೇಕೆಂದಳು. ಬುಗಿಸ್‌ನಲ್ಲಿ ಇಳಿದು ಸಾಲು ಊಟದಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಊಟ ಮಾಡಿದೆವು. ನನಗೆ ನಾಲ್ಕು ಡಾಲರಿನ ತರಕಾರಿ ಅನ್ನ, ಅವಳಿಗೆ ಕುರಿಮಾಂಸದ ಸೂಪು. "ಈ ಕುರಿ ಯಾವತ್ತೂ ಹುಲ್ಲು ಕಂಡಿಲ್ಲ" ಎಂದು ತೀರ್ಪು ಕೊಟ್ಟರೂ ಬಟ್ಟಲು ಖಾಲಿ ಮಾಡಿದಳು. ಊಟವಾದ ಮೇಲೆ ಹಸಿರು ಮಾರ್ಗದ ರೈಲು ಹಿಡಿದೆವು.

ಆಫೀಸಿನ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಕಾಂಡೋ ಅಪಾರ್ಟ್‌ಮೆಂಟುಗಳ ಮಾದರಿಯಿತ್ತು. ಪುಟ್ಟ ಗೋಪುರಗಳು, ಪುಟ್ಟ ಮರಗಳು, ನೀಲಿ ಈಜುಕೊಳ. ಬೋಲೊರ್ ಬಗ್ಗಿ ನೋಡುತ್ತ ನಿಂತಳು. "ಈ ರಸ್ತೆ ನಮ್ಮದು. ಈ ಶಾಲೆ ನಮ್ಮದು," ಎಂದಳು. ಆಮೇಲೆ ಈಜುಕೊಳದ ಮೇಲೆ ಬೆರಳಿಟ್ಟು, "ಇಲ್ಲಿದ್ದ ನನ್ನ ಕಾರ್ಖಾನೆ ಎಲ್ಲಿ?" ಎಂದು ಕೇಳಿದಳು.

ನವೀನ ಇಂಗ್ಲಿಷಿನಲ್ಲಿ ವಿವರಿಸಿದ. ಜಾಗವನ್ನು ಕಂಪನಿ ಕೊಂಡು ಕಾಂಡೋ ಕಟ್ಟುತ್ತೆ, ಕಾರ್ಖಾನೆ ಕ್ಲೋಸ್ ಆಗಲ್ಲ, ಊರಾಚೆ ಅರವತ್ತು ಕಿಲೋಮೀಟರಿಗೆ ಶಿಫ್ಟ್ ಆಗುತ್ತೆ, ಅಷ್ಟೇ. ಅಳಿಯ ಅಲ್ಲ, ಮಗಳ ಗಂಡ! ಆ ಚಳಿಯಲ್ಲಿ ದಿನಾ ಅಷ್ಟು ದೂರ ಹೋಗಿಬರುವವರು ಯಾರು? ಬೋಲೊರ್ ಷೇರುದಾರರನ್ನು ಕೇಳಬೇಕು ಎಂದಳು. ಆಗ ನವೀನ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ:

"ಮ್ಯಾಮ್, ಸ್ವಲ್ಪ ಸಾಫ್ಟ್ ಮಾಡಿ ಹೇಳಿ. ವೋಟಿಂಗ್ ಗೀಟಿಂಗ್ ಎಲ್ಲಾ ಬೇಡ. ಸಹಿ ಮಾಡ್ಸಿಬಿಡಿ, ಆಮೇಲೆ ಅಡ್ಜಸ್ಟ್ ಆಗ್ತಾರೆ."

ಮೇಜಿನ ಮೇಲೆ ಆಡಿದ ಮಾತನ್ನೆಲ್ಲ ದಾಟಿಸುವುದು ದುಭಾಷಿಯ ಕೆಲಸ. ಇದನ್ನೂ ಅಕ್ಷರ ಬಿಡದೆ ರಷ್ಯನ್ನಿಗೆ ತಂದೆ. ನವೀನನಿಗೆ ಅವಳ ಮುಖ ನೋಡಿಯೇ ಗೊತ್ತಾಯಿತು. "ಅಯ್ಯೋ ಮ್ಯಾಮ್, ಅದು ನಮ್ಮಿಬ್ಬರ ಮಧ್ಯೆ!" ಎಂದ. ಸಿಟ್ಟು ಬಂದರೆ ನನ್ನ ನಾಲಿಗೆ ನೇರ ವಿಜಯಪುರಕ್ಕೆ ಓಡುತ್ತದೆ. "ಏ ತಮ್ಮಾ, ನಾ ಮಾತು ದಾಟಸ್ಲಿಕ್ಕೆ ಬಂದೀನಿ, ಮಂದಿಗೆ ಟೋಪಿ ಹಾಕ್ಲಿಕ್ಕಲ್ಲ," ಎಂದೆ. ಹೇಳಿ ಹಗುರಾದೆ.

ಅವನೂ ಕೆಟ್ಟವನಲ್ಲ. "ಇಲ್ಲಿ ಎಲ್ಲಾ ಬೇಗ ಡಿಸೈಡ್ ಮಾಡ್ತಾರೆ, ಅದಕ್ಕೇ ಇಷ್ಟು ಡೆವಲಪ್ ಆಗಿದೆ. ಐದು ನಿಮಿಷದ ಕೆಲಸ ಇದು," ಎಂದ, ನಂಬಿಯೇ ಹೇಳಿದ. ಬೋಲೊರ್ ಕುರ್ಚಿ ಎಳೆದು ಕೂತಳು. "ಎಪ್ಪತ್ತು ವರ್ಷ ನಮ್ಮ ಪರವಾಗಿ ಬೇರೆಯವರು ಐದೇ ನಿಮಿಷದಲ್ಲಿ ತೀರ್ಮಾನ ಮಾಡಿದರು. ಈಗ ನಾವು ನಿಧಾನ ಮಾಡುತ್ತೇವೆ. ನೀವು ಕಾಯಿರಿ," ಎಂದಳು.

ಅವಳ ದೇಶಕ್ಕೂ ಸಿಂಗಪುರಕ್ಕೂ ಗಡಿಯಾರ ಒಂದೇ. ಟ್ಯಾಬ್‌ನಲ್ಲಿ ವಿಡಿಯೋ ಕರೆ ಮಾಡಿದಳು. ಹೊಲಿಗೆ ಯಂತ್ರಗಳು ನಿಂತವು, ಕೋಟು ತೊಟ್ಟ ಹೆಂಗಸರು ಕಾರ್ಖಾನೆಯ ಸಭಾಂಗಣದಲ್ಲಿ ಸೇರಿದರು, ಮುಕ್ಕಾಲು ಗಂಟೆ ಕಿರುಚಾಡಿದರು. ನನಗೆ ಒಂದಕ್ಷರ ತಿಳಿಯದಿದ್ದರೂ ಜಗಳ ಜಗಳದಂತೆಯೇ ಕೇಳಿಸಿತು. ಕೊನೆಗೆ ಮಾರೋಣ ಎನ್ನುವವರು ಕೈ ಎತ್ತಿದರು. ಕಡಿಮೆಯೇನೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೈ ಎತ್ತಿದವಳು ಬೋಲೊರ್‌ಳ ಸ್ವಂತ ತಂಗಿ. "ಅದನ್ನೂ ಈ ಹುಡುಗನಿಗೆ ಹೇಳು," ಎಂದಳು ಬೋಲೊರ್. ಹೇಳಿದೆ. ಆಮೇಲೆ ಬೇಡ ಎನ್ನುವ ಕೈಗಳು ಎದ್ದವು. ಅವು ಹೆಚ್ಚಿದ್ದವು.

ನವೀನನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೂ ಲಿಫ್ಟ್‌ವರೆಗೆ ಬಂದು ಬೀಳ್ಕೊಟ್ಟ.

ಸಂಜೆ ಜುರಾಂಗ್ ಈಸ್ಟ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ವಿಮಾನ ನಿಲ್ದಾಣದ ಕಡೆ, ನಾನು ಮನೆ ಕಡೆ. ಬಾಯ್ಲರ್ ಈ ಚಳಿಗಾಲ ದಾಟೀತೇ ಎಂದೆ. "ದಾಟಬಹುದು, ದಾಟದೆಯೂ ಇರಬಹುದು." ತಂಗಿಯ ಮೇಲೆ ಬೇಜಾರಾಯಿತೇ ಎಂದು ಕೇಳಿಬಿಟ್ಟೆ.

ಜನ ತಿರುಗಿ ನೋಡುವಂತೆ ನಕ್ಕಳು. "ಹದಿನೆಂಟು ವರ್ಷದವಳಿದ್ದಾಗಿನಿಂದ ಅದೇ ಸಭಾಂಗಣದಲ್ಲಿ ಕೈ ಎತ್ತಿದ್ದೇನೆ. ಆಗೆಲ್ಲ ಎಲ್ಲರ ಕೈಯೂ ಒಟ್ಟಿಗೆ ಏಳುತ್ತಿತ್ತು, ಯಾವುದಕ್ಕೆ ಎಂದು ಕೇಳುವ ಮೊದಲೇ. ಇವತ್ತು ನನ್ನ ತಂಗಿ ನನ್ನ ಮುಖ ನೋಡುತ್ತಲೇ ನನ್ನ ವಿರುದ್ಧ ಕೈ ಎತ್ತಿದಳು. ನಾವು ಗಳಿಸಿದ್ದು ಇದೊಂದೇ. ಇದನ್ನು ಈಜುಕೊಳಕ್ಕೆ ಹಾಕಲೇ?"

ರೈಲು ಬಂತು. "ಮನೆಗೆ ಹೋಗಿ ಅವಳ ಜೊತೆ ಚೆನ್ನಾಗಿ ಜಗಳ ಆಡಬೇಕು," ಎಂದು ಜನರ ನಡುವೆ ನುಗ್ಗಿ ಹತ್ತಿಕೊಂಡಳು.