ದೊಡ್ಡಿ ಕದರಪ್ಪನ ಯುದ್ಧನೀತಿ

ಕೊರಟಗೆರೆಯ ದೊಡ್ಡಿ ಕಾಯುವ ಕದರಪ್ಪನ ವಶದಲ್ಲಿರುವುದು ಕಂಡವರ ಹೊಲ ಮೇಯ್ದು ಸಿಕ್ಕಿಬಿದ್ದ ದನಗಳು, ತಲೆಯಲ್ಲಿರುವುದು ಮಾತ್ರ ಮಹಾಯುದ್ಧ. ಬಾಗಿಲಿಗೆ ಅಡ್ಡ ಕೂತು ಎಲೆಯಡಿಕೆ ಹಾಕಿಕೊಂಡನೆಂದರೆ ಅವನೇ ಸೇನಾಪತಿ. ಬೆಂಗಳೂರಿನ ಶಿಬಿರದಲ್ಲಿರುವ ಇಟಲಿಯ ಸೆರೆಯಾಳುಗಳನ್ನು ಕೊಟ್ಟು, ಇಟಲಿಯವರು ಹಿಡಿದಿಟ್ಟಿರುವ ನಮ್ಮ ಸಿಪಾಯಿಗಳನ್ನು ಬಿಡಿಸಿಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ ತಲೆ ಅಲ್ಲಾಡಿಸುತ್ತಾನೆ. “ಬುಟ್ಟ ಹೋರಿ ತಿರುಗಾ ಅದೇ ಹೊಲಕ್ಕೆ ಬತ್ತದೆ ಕಣ್ಲಾ. ಪಕ್ಕದೂರಿನ ದೊಡ್ಡಿಗೆ ಅವರ ಎಮ್ಮೆ ಕೊಟ್ಟು ನಮ್ಮ ಎಮ್ಮೆ ತಂದಿದ್ದೆ. ಆಮೇಲೇನಾಯ್ತು? ದಾರೀಲಿ ಸುಮ್ನೆ ಹೋಗೋ ನಮ್ಮ ದನಾನೂ ಹಿಡಿಯಕ್ಕೆ ಸುರು ಮಾಡಿದ್ರು, ಬದಲಿಗೆ ಆಯ್ತದೆ ಅಂತ.” ಇದನ್ನು ಕೇಳಲು ದಂಡಿನ ದೊಡ್ಡ ಸಾಹೇಬರು ಮೋಟಾರು ಕಳಿಸುತ್ತಾರಂತೆ ಎಂದು ಪಡ್ಡೆ ಹುಡುಗರು ರೇಗಿಸುತ್ತಾರೆ. “ಕಳಿಸ್ಲಿ, ಉಣ್ಣೋ ಹೊತ್ತಲ್ಲಿ ಬ್ಯಾಡ” ಎನ್ನುವ ಕದರಪ್ಪ, ಅದಕ್ಕೆಂದೇ ಒಗೆದ ರುಮಾಲೊಂದನ್ನು ಗೂಟಕ್ಕೆ ಹಾಕಿಟ್ಟಿದ್ದಾನೆ. ಮೊನ್ನೆ ಈ ಮಾತು ನಡೆಯುತ್ತಿರುವಾಗ ಅದೇ ಊರಿನ ಚಿಕ್ಕಕ್ಕ ಹುಲ್ಲಿನ ಹೊರೆ ಹೊತ್ತು ಅಲ್ಲೇ ನಿಂತಿದ್ದಳು. ಅವಳ ಮಗ ಓಬಳೇಶ ಆಫ್ರಿಕದ ಮರಳುಗಾಡಿನಲ್ಲಿ ಇಟಲಿಯವರಿಗೆ ಸಿಕ್ಕಿ ವರ್ಷವಾಗಿದೆ. ಹುಡುಗರೆಲ್ಲ ಹೋದ ಮೇಲೆ ಹತ್ತಿರ ಬಂದು, “ನೀನೇಳೋದು ದಿಟ ಕಣಣ್ಣ. ಆದ್ರೆ ಮೋಟಾರು ಬಂದ್ರೆ ಸಾಹೇಬರ ತಾವ ಇಂಗೆ ಹೇಳ್ಬುಡಬ್ಯಾಡ” ಎಂದಳು. ಕದರಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಎದ್ದು ನಿಂತ. “ಇಲ್ಲ ಕಣಮ್ಮ,” ಎಂದ. “ನಂಗೆ ಎಮ್ಮೆ ವಿಚಾರ ಬುಟ್ರೆ ಇನ್ನೇನೂ ಗೊತ್ತಿಲ್ಲ ಅಂತೀನಿ.”