ಬರೀ ಹೆಸರಿನ ಚೀಟಿಗಳು

ನಮ್ಮ ಗಡಿಭಾಗದ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಗ್ಯಾದರಿಂಗ್ ಆಗುತ್ತದೆ. ವಾರ್ಷಿಕ ಸಮ್ಮೇಳನ ಎಂದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಹಾಡು, ಕುಣಿತ, ಬಹುಮಾನ ಎಲ್ಲ ಇದ್ದರೂ ಹುಡುಗರು ಕಾಯುವುದು ಫಿಶ್‌ಪಾಂಡಿಗೆ. ಮೊದಲೇ ಒಂದು ರಟ್ಟಿನ ಡಬ್ಬಿ ಇಟ್ಟಿರುತ್ತಾರೆ. ಯಾರ ಬಗ್ಗೆ ಬೇಕಾದರೂ ಒಂದು ಚೇಷ್ಟೆಯ ಸಾಲು ಬರೆದು, ನಮ್ಮ ಹೆಸರು ಹಾಕದೆ ಅದರಲ್ಲಿ ಬಿಡಬಹುದು. ಗ್ಯಾದರಿಂಗಿನ ದಿನ ಅವನ್ನು ವೇದಿಕೆಯ ಮೇಲೆ ಗಟ್ಟಿಯಾಗಿ ಓದುತ್ತಾರೆ. ಆ ಹೊತ್ತಿನಲ್ಲಿ ಪ್ರಾಚಾರ್ಯರೂ ನಗಬೇಕು, ಸಿಟ್ಟಾಗುವಂತಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ನಡೆಸಿಕೊಂಡು ಬಂದಿದ್ದಾರೆ ಅಷ್ಟೆ.

ಗಡಿಯಾಚೆ ಮರಾಠಿ ಸೀಮೆಯ ಉದಗೀರದ ಸರಕಾರಿ ಕಾಲೇಜಿನಲ್ಲಿ ನಾನು ಎರಡನೆಯ ವರ್ಷದಲ್ಲಿದ್ದಾಗ ಚೀಟಿ ಓದುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮರಾಠಿಯಲ್ಲಿ ಕನ್ನಡದ ಎಳೆತ ಇದೆ, ಓದಿದರೆ ಮಜಾ ಬರುತ್ತದೆ ಎಂದು ಗೆಳೆಯರ ಲೆಕ್ಕ. ನನಗೂ ಬಾಯಿ ಜೋರು, ಒಪ್ಪಿಕೊಂಡೆ.

ಪ್ರಾಚಾರ್ಯರ ಹೆಸರಿಗೆ ಬಂದ ಚೀಟಿ ಹೀಗಿತ್ತು: “ಸರ್, ತುಮಚಂ ಲಾನ್ ರೋಜ ಆಂಘೋಳ ಕರತಂ. ಆಮ್ಹೀ ಕಧೀ ಕರಾಯಚೀ?” ನಿಮ್ಮ ಹುಲ್ಲುಹಾಸು ದಿನಾ ಸ್ನಾನ ಮಾಡುತ್ತದೆ, ನಾವು ಮಾಡುವುದು ಯಾವಾಗ? ಸಭಾಗೃಹ ಬಿದ್ದು ಬಿದ್ದು ನಕ್ಕಿತು. ಪ್ರಾಚಾರ್ಯರೂ ಸೋಫಾದ ಮೇಲೆ ಕುಳಿತು ನಕ್ಕರು.

ಆ ಚೀಟಿ ಬರೆದವಳು ಯಾರೆಂದು ನನಗೆ ಗೊತ್ತಿತ್ತು. ನನ್ನ ಕೋಣೆಯ ಗೆಳತಿ. ಯೆಣೆಗೂರ ಕಡೆಯ ಒಕ್ಕಲುತನದ ಮನೆಯವಳು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿದ ಮೇಲೆಯೇ ಚಹಾ ಕುಡಿಯುವವಳು. ನಮ್ಮ ಹಾಸ್ಟೆಲ್ಲಿಗೆ ನೀರು ಬಾರದ ದಿನ ಮಧ್ಯಾಹ್ನದ ತನಕ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಕಿಟಕಿಯ ಆಚೆ ಕಚೇರಿಯ ಮುಂದಿನ ಹುಲ್ಲಿಗೆ ಮಾತ್ರ ಪೈಪು ಹರಿಯುತ್ತಿತ್ತು. ಚೇಷ್ಟೆಗೆಂದು ಬರೆದ ಸಾಲಲ್ಲ ಅದು. ಹಸಿದು ಬರೆದದ್ದು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ನಿಲಂಗಾ, ಉಮರ್ಗಾ ತನಕ ಹರಿದಾಡಿತು. ಊರವರು ನಗತೊಡಗಿದಾಗ ಪ್ರಾಚಾರ್ಯರ ನಗು ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ನನ್ನನ್ನು ಕರೆಸಿ, ಚೀಟಿ ಬರೆದವರ ಹೆಸರು ಹೇಳು, ಇಲ್ಲವಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ತಂದೆಯನ್ನೂ ಕರೆತರಬೇಕೆಂದರು.

ಗೆಳತಿ ಆ ಸಂಜೆ ಅಳುತ್ತ, “ನಾನೇ ಹೋಗಿ ಹೇಳ್ತೀನಿ, ನಿನ್ನ ವರ್ಷ ಯಾಕ ಹಾಳಾಗಬೇಕು” ಎಂದಳು.

“ಹೇಳಿದ್ರ ನಿಮ್ಮ ಮನ್ಯಾಗ ಏನ್ ಆಗ್ತದ?”

“ಮುಂದಿನ ಸೋಮವಾರನ ವರ ನೋಡ್ಲಾಕ ಬರ್ತಾನ.”

ಅವಳು ಸುಮ್ಮನೆ ಹೇಳಿದ್ದಲ್ಲ. ಒಂದು ದೂರು ಹೋದರೆ ಓದು ಬಿಡಿಸಲು ಅವರ ಮನೆಯಲ್ಲಿ ಕಾಯುತ್ತಿದ್ದರು. ನನ್ನದು ಹೋದರೆ ಒಂದು ವರ್ಷ, ಅವಳದು ಹೋದರೆ ಓದೇ ಹೋಗುತ್ತಿತ್ತು. ನೀನು ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡೆ.

ಅಪ್ಪ ಭಾಲ್ಕಿ ಕಡೆಯಿಂದ ಗಡಿ ದಾಟಿ ಬಂದು ಔರಾದ ಶಹಾಜನಿಯಲ್ಲಿ ಪಾತ್ರೆ ಅಂಗಡಿ ಹಾಕಿದವನು. ಯಾರ ಎದುರಿಗೂ ಎರಡು ಮಾತು ಆಡದೆ ಬದುಕಿದವನು. ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ತನಕ ಅದೇ ರಾಗ: “ನಾವು ಪರಊರವ್ರು. ಊರ ಉಸಾಬರಿ ನಮಗ್ಯಾಕ ಬೇಕವ್ವ? ಹೆಸರು ಹೇಳಿ ಕೈ ತೊಳ್ಕೊ.” ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಕರುಳು ಚುರುಕ್ಕೆಂದಿತು. ಅವನು ಆ ದಿನ ಹಬ್ಬದ ಅಂಗಿ ಹಾಕಿಕೊಂಡು ಬಂದಿದ್ದ.

ಪ್ರಾಚಾರ್ಯರ ಕೋಣೆಯಲ್ಲಿ ನಾನು ಕೇಳಿದ್ದು ಒಂದೇ. ಪ್ರವೇಶದ ದಿನ ನೀವೇ ಕೊಟ್ಟ ನಿಯಮಗಳ ಪುಸ್ತಿಕೆಯಲ್ಲಿ, ದೂರು ಬರಹದಲ್ಲಿ ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು ಎಂದಿದೆ. ನಾನು ಮುರಿದ ನಿಯಮ ಯಾವುದು, ಬರೆದು ಕೊಡಿ. ಅವರು ಬರೆಯಲಿಲ್ಲ. ಬರೆಯಬೇಕಾದರೆ, ಈ ಹುಡುಗಿ ಜನರನ್ನು ನಗಿಸಿದಳು ಎಂದೇ ಬರೆಯಬೇಕಿತ್ತು. ಬದಲಿಗೆ ಅಪ್ಪನತ್ತ ತಿರುಗಿ, ನಿಮ್ಮ ಮಗಳ ಪ್ರತಾಪ ನೋಡಿ ಎಂದು ಚೀಟಿಯ ಸಾಲನ್ನು ಓದಿ ಹೇಳಿದರು.

ಅಪ್ಪ ಅದನ್ನು ಮೊದಲ ಸಲ ಕೇಳಿದ್ದು. ನಗಲಿಲ್ಲ. ನನ್ನ ಮುಖ ನೋಡಿದ.

“ಜಳಕಕ್ಕ ನೀರಿಲ್ಲಾ? ಮನ್ಯಾಗ ಯಾಕ ಹೇಳಲಿಲ್ಲವ್ವ?”

ಹೇಳಿದರೆ ಓದು ಸಾಕು, ಮನೆಗೆ ಬಾ ಎನ್ನುತ್ತಾನೆಂದು ಮುಚ್ಚಿಟ್ಟಿದ್ದೆ. ಅಪ್ಪ ಕೈ ಜೋಡಿಸಿಕೊಂಡೇ ಪ್ರಾಚಾರ್ಯರನ್ನು ಕೇಳಿದ: “ಪಣ ಸಾಹೇಬ, ಆತಾ ತರೀ ಪಾಣೀ ಆಲಂ ಕಾ?” ಈಗಾದರೂ ನೀರು ಬಂತೇ?

ಅದರಲ್ಲಿ ಧೈರ್ಯ ಇರಲಿಲ್ಲ, ವ್ಯಂಗ್ಯ ಮೊದಲೇ ಇರಲಿಲ್ಲ. ಮಗಳಿಗೆ ನೀರು ಬಂತೋ ಇಲ್ಲವೋ ಎಂದು ಅವನಿಗೆ ತಿಳಿಯಬೇಕಿತ್ತು. ಪ್ರಾಚಾರ್ಯರು ಫೈಲು ಮುಚ್ಚಿ, ಹೊರಗೆ ಹೋಗಿ ಎಂದರು.

ಬರಹದ ದೂರಿಲ್ಲದೆ ಪರೀಕ್ಷೆ ತಡೆಯಲು ಅವರಿಗೆ ಆಗಲಿಲ್ಲ. ಆದರೆ ಹಾಸ್ಟೆಲ್ಲಿನಲ್ಲಿ ಜಾಗವಿಲ್ಲ ಎಂದು ಹೇಳಿ ನನ್ನನ್ನು ಹೊರಗೆ ಹಾಕಿದರು. ನಾನು ಗಂಟುಮೂಟೆ ಕಟ್ಟಿದ ವಾರವೇ ಅಲ್ಲಿಗೆ ಟ್ಯಾಂಕರ್ ಬರತೊಡಗಿತು. ಗೆಳತಿ ಚಹಾ ಹೊತ್ತಿಗೆ ಸರಿಯಾಗಿ ಕುಡಿಯುತ್ತಿದ್ದಾಳೆಂದು ಕೇಳಿ ನಗು ಬಂತು, ಅಳುವೂ ಬಂತು. ನಾನು ಔರಾದದಿಂದ ಎಸ್‌ಟಿ ಬಸ್ಸಿನಲ್ಲಿ ಓಡಾಡಿದೆ. “ಡಿಗ್ರಿ ಕೈಗೆ ಬರೂತನಾ ಬಾಯಿ ಮುಚ್ಚಿ ಇರು” ಎಂದು ಅಪ್ಪ ಮಾತು ತೆಗೆದುಕೊಂಡಿದ್ದ.

ಮರುವರ್ಷ ಗ್ಯಾದರಿಂಗಿಗೆ ಹೊಸ ನಿಯಮ ಬಂತು: ಚೀಟಿ ಹಾಕುವವರು ತಮ್ಮ ಹೆಸರು ಬರೆಯಬೇಕು, ಹೆಸರಿಲ್ಲದ ಚೀಟಿ ಓದುವಂತಿಲ್ಲ. ಬಾಯಿಗೆ ಬೀಗ ಹಾಕದೆಯೇ ಬಾಯಿ ಮುಚ್ಚಿಸುವ ಉಪಾಯ ಅದು. ಅಪ್ಪನಿಗೆ ಕೊಟ್ಟ ಮಾತಿನಂತೆ ನಾನು ಚೀಟಿ ಹಾಕಲಿಲ್ಲ. ಹಿಂದಿನ ಸಾಲಿನಲ್ಲಿ ಹೋಗಿ ಕುಳಿತೆ.

ಓದುವ ಹುಡುಗ ಡಬ್ಬಿ ತೆರೆದ. ತುಂಬಿತ್ತು. ಮೊದಲ ಚೀಟಿ ಬಿಡಿಸಿದ, ಹಿಂದೆ ಮುಂದೆ ತಿರುಗಿಸಿ ನೋಡಿ ಒಂದು ಹೆಸರು ಓದಿದ. ಅಷ್ಟೇ. ಎರಡನೆಯದರಲ್ಲೂ ಹೆಸರು ಮಾತ್ರ. ಮೂರನೆಯದರಲ್ಲೂ. ನಿಯಮ ಹೇಳಿದ್ದನ್ನು ಎಲ್ಲರೂ ಬರೆದಿದ್ದರು, ಉಳಿದ ಜಾಗ ಖಾಲಿ ಬಿಟ್ಟಿದ್ದರು. ಮೊದಮೊದಲು ಅಲ್ಲಲ್ಲಿ ಕಿಸಿಕಿಸಿ ಕೇಳಿತು, ಆಮೇಲೆ ಅದೂ ನಿಂತಿತು. ಅವನು ಒಂದೊಂದೇ ಹೆಸರು ಓದುತ್ತ ಹೋದ. ಪ್ರಾಚಾರ್ಯರು ಸೋಫಾದಿಂದ ಏಳುವಂತಿಲ್ಲ, ನಗುವಂತಿಲ್ಲ, ತಪ್ಪು ಎನ್ನುವಂತೆಯೂ ಇಲ್ಲ.

ಗೆಳತಿಯ ಹೆಸರು ಬಂತು. ಒಂದು ವರ್ಷ ನಾನು ಮುಚ್ಚಿಟ್ಟ ಹೆಸರು ಮೈಕಿನಲ್ಲಿ ಕೇಳಿತು. ಅದರ ಹಿಂದೆಯೇ ನನ್ನ ಹೆಸರು ಬಂತು.

ಹೊರಗೆ ಬಂದು ಅವಳನ್ನು ಹಿಡಿದು ಕೇಳಿದೆ. “ನಾ ಚೀಟಿ ಹಾಕಿಲ್ಲಲ್ಲ. ಯಾರು ಬರ್ದಾರ?”

“ನಾನೇ,” ಎಂದಳು. “ನಿಮ್ಮ ಅಪ್ಪಗ ನೀ ಮಾತು ಕೊಟ್ಟೀದಿ. ನಾ ಕೊಟ್ಟಿಲ್ಲಲ್ಲ.”