ಸರೋಜಮ್ಮ ಬಚ್ಚಿಟ್ಟಿದ್ದ ಬಟನ್

ಅಜ್ಜಂಪುರದ ಒಂದು ಆಫೀಸಲ್ಲಿ ನಾನು ಕಸ ಗುಡಿಸೋಳು. ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕೋಕೆ ಕಡೂರಿಂದ ಒಬ್ಬ ಬಂದ. "ಒಂದ್ಸಲ ಒತ್ತಿದ್ರೆ ಕೆಲ್ಸ ತಾನೇ ಆಗೋ ಹಳೇ ಮ್ಯಾಕ್ರೋ ಬಟನ್ ಇದ್ರೆ ಈಗ್ಲೇ ತೋರಿಸಿ, ಹೊಸದ್ರಲ್ಲಿ ನಡೀದೇ ಹೋಗ್ಬಹುದು" ಅಂದ.

ಟೈಪು ಮಾಡೋ ಸರೋಜಮ್ಮ ಬೆವೆತುಹೋದಳು. ವರ್ಗವಾಗಿ ಹೋದ ಗುಮಾಸ್ತ ಸಂಜೆ ಹೊತ್ತು ಪಕ್ಕದಲ್ಲಿ ಕೂತು ಮಾಡಿಕೊಟ್ಟ ಬಟನ್ ಒಂದಿತ್ತು. ಆ ಸಂಜೆಗಳ ಸುದ್ದಿಯನ್ನು ತರೀಕೆರೆವರೆಗೂ ಮುಟ್ಟಿಸಿದವಳು ನಾನೇ.

ಅವಳು ಒತ್ತಿದಳು. ಪರದೆ ಮೇಲಿನ ಅಕ್ಷರಗಳೆಲ್ಲ ಹಲಸಿನ ಬೀಜದಷ್ಟು ದಪ್ಪಗಾದವು.

"ಕಣ್ಣು ಮಂಜು ಕಣಪ್ಪಾ. ಸಾಹೇಬ್ರಿಗೆ ಗೊತ್ತಾದ್ರೆ ಕೆಲಸ ಹೋಯ್ತು."

ಹೊಸದರಲ್ಲಿ ಅದು ನಡೆಯಲಿಲ್ಲ. ಅವನು ಊಟ ಬಿಟ್ಟು ಕೂತು ಸರಿಮಾಡಿದ. "ಈಗ ಒತ್ತಿ ಅಕ್ಕಾ" ಅಂದ. ಅಕ್ಷರ ಮತ್ತೆ ದಪ್ಪಗಾದವು.

ಸರೋಜಮ್ಮ ಹೆದರಿಕೊಂಡು ನನ್ನ ಕಡೆ ನೋಡಿದಳು.

"ಏನವ್ವಾ ಹಂಗ್ ನೋಡ್ತೀಯಾ? ನಾನೇನೂ ಕಂಡಿಲ್ಲ" ಅಂದೆ.

ಯಾರಿಗೂ ಹೇಳಲಿಲ್ಲ. ಹೋದ ವಾರ ಅವಳು ರಿಟೈರ್ ಆದಳು, ಅದಕ್ಕೇ ಇವತ್ತು ಬರೀತಿದ್ದೀನಿ.